ತಲಕಾಡಿನ ಮರಳು, ನಮ್ಮ ಶಿಂಷೆಯ ಮರಳು

ತಲಕಾಡಿನ ಮರಳು ಎಂದ ಕೂಡಲೇ ಅಲಮೇಲಮ್ಮನ ಶಾಪ ನೆನಪಾಗುತ್ತದೆ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ವಶಪಡಿಸಿಕೊಂಡ ಬಳಿಕ, ಆಕೆ ತಲಕಾಡು ಮರಳಾಗಲೆಂದು ಶಪಿಸಿ ಕಾವೇರಿಗೆ ಹಾರಿದಳು ಎಂಬುದು ಕಥೆ. ಸಂಶೋಧಕರ ವಿವರಣೆ ಬೇರೆ. ತಲಕಾಡಿನ ಬಳಿ ನದಿ ದೊಡ್ಡ ತಿರುವು ಪಡೆಯುತ್ತದೆ. 14ನೇ ಶತಮಾನದಲ್ಲಿ ಅಲ್ಲಿ ಮಾಧವಮಂತ್ರಿ ಅಣೆಕಟ್ಟು ಕಟ್ಟಿ ನೀರನ್ನು ಕಾಲುವೆಗೆ ತಿರುಗಿಸಿದ ಮೇಲೆ ನದಿಪಾತ್ರದ ಮರಳು ಬಯಲಾಯಿತು. ನೈಋತ್ಯದ ಗಾಳಿ ಅದನ್ನು ದಡಕ್ಕೆ ತಂದು ದಿಬ್ಬ ಮಾಡಿತು.

ವಿಷ್ಣುವರ್ಧನ ಚೋಳರನ್ನು ಸೋಲಿಸಿದ ನೆನಪಿಗೆ ಕಟ್ಟಿಸಿದ ಕೀರ್ತಿನಾರಾಯಣ ದೇಗುಲ ಈಗ ಹೊಂಡದಲ್ಲಿದೆ. ಸುತ್ತ ಮರಳಿನ ಇಳಿಜಾರು. ಮಳೆ ಬಂದರೂ, ಜನ ನಡೆದರೂ ಮರಳು ಕೆಳಗೆ ಜಾರುತ್ತದೆ. ಇಂಥ ಗುಡಿಗಳಲ್ಲಿ ಕಲ್ಲಿನ ಮೇಲೆ ಕಲ್ಲು ತನ್ನ ಭಾರದಿಂದಲೇ ನಿಂತಿರುತ್ತದೆ, ನಡುವೆ ಗಾರೆಯಿಲ್ಲ. ತುಮಕೂರಿನ ಪಕ್ಕದ ಕೈದಾಳದ ಚೆನ್ನಕೇಶವನ ಗುಡಿಯೂ ಅದೇ ಶತಮಾನದ್ದು. ಪಾಯ ಒಂದು ಕಡೆ ಕುಸಿದರೆ ಕಂಬ ವಾಲುತ್ತದೆ, ಅದರ ಮೇಲಿನ ತೊಲೆ ಬಿರುಕು ಬಿಡುತ್ತದೆ. ಕೀರ್ತಿನಾರಾಯಣ ದೇಗುಲದ ಕಲ್ಲುಗಳನ್ನು ಪುರಾತತ್ವ ಇಲಾಖೆ ಬಿಚ್ಚಿ ಮತ್ತೆ ಜೋಡಿಸಬೇಕಾಯಿತು.

ಹಾಗೆಂದು ಮರಳು ಕಟ್ಟಡದ ಶತ್ರುವಲ್ಲ. ತೆಲಂಗಾಣದ ರಾಮಪ್ಪ ಗುಡಿಯನ್ನು 13ನೇ ಶತಮಾನದಲ್ಲಿ ಮರಳು ತುಂಬಿದ ಪಾಯದ ಮೇಲೆಯೇ ಕಟ್ಟಿದ್ದಾರೆ. ಸುತ್ತಲಿಂದ ಬಿಗಿಯಾಗಿ ಹಿಡಿದ ಮರಳು ಭಾರವನ್ನು ಸಮನಾಗಿ ಹಂಚುತ್ತದೆ. ಆ ಹಿಡಿತ ತಪ್ಪಿದಾಗ, ಅಂದರೆ ಪಕ್ಕದ ದಡ ಕುಸಿದಾಗ ಅಥವಾ ನೀರು ಮರಳಿನ ಕಣಗಳನ್ನು ಹೊತ್ತೊಯ್ದಾಗ, ಪಾಯದ ಕೆಳಗೆ ಟೊಳ್ಳು ಬೀಳುತ್ತದೆ.

ಇದು ನಮ್ಮ ಜಿಲ್ಲೆಗೂ ಸಂಬಂಧಿಸಿದ ಮಾತು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟುವ ಶಿಂಷೆ ಗುಬ್ಬಿಯ ಕಡಬ ಕೆರೆ, ಕುಣಿಗಲ್‌ನ ಮಾರ್ಕೋನಹಳ್ಳಿ ಜಲಾಶಯ ದಾಟಿ, ಕಾವೇರಿಯನ್ನು ಸೇರುತ್ತಾಳೆ. ಹೊಳೆಯ ಪಾತ್ರದಲ್ಲಿ ಆಳಕ್ಕೆ ಮರಳು ತೆಗೆದರೆ ದಡ ಕಡಿದಾಗುತ್ತದೆ. ಕಡಿದಾದ ದಡ ಮುಂದಿನ ಮಳೆಗೆ ಜಾರುತ್ತದೆ. ಹೊಲದ ಅಂಚು ಹೋದರೆ ರೈತನಿಗೆ ತಕ್ಷಣ ತಿಳಿಯುತ್ತದೆ. ದಡದ ಹಳೆಯ ಮಂಟಪದ ಪಾಯ ಸಡಿಲವಾದರೆ ಕಲ್ಲು ಬೀಳುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಮರಳಿನ ಸುದ್ದಿ ಬರೆಯುವಾಗ ನಾವು ಲಾರಿ, ದಂಡ, ಪರವಾನಗಿಗಳನ್ನು ಎಣಿಸುತ್ತೇವೆ. ದಡದಲ್ಲಿ ಯಾವ ಗುಡಿ, ಯಾವ ವೀರಗಲ್ಲು, ಯಾವ ತೂಬು ಇದೆ, ಅಗೆತ ಅದರಿಂದ ಎಷ್ಟು ದೂರ ಎಂಬುದನ್ನೂ ಅಳೆದು ಬರೆಯಬೇಕು. ತಲಕಾಡು ಹೂತುಹೋಗಲು ಶತಮಾನಗಳೇ ಬೇಕಾದವು. ದಡ ಜಾರಲು ಒಂದು ಮಳೆಗಾಲ ಸಾಕು.