ಕಂಬಂ ಕಣಿವೆಯ ಕನ್ನಡದ ದನಿ

1877ರಲ್ಲಿ ಎಡಿಸನ್ನರು ತವರದ ತೆಳುಹಾಳೆಯ ಮೇಲೆ ಮನುಷ್ಯನ ಮಾತನ್ನು ಹಿಡಿದಿಟ್ಟರು. ಆ ಫೋನೋಗ್ರಾಫ್ ಯಂತ್ರ ಮದರಾಸು ಪ್ರಾಂತಕ್ಕೂ ಬಂತು. 1901ರಲ್ಲಿ ಆರಂಭವಾದ ಜನಾಂಗ ಸಮೀಕ್ಷೆಗಾಗಿ ಎಡ್ಗರ್ ಥರ್ಸ್ಟನ್ನರು ಅದರಲ್ಲಿ ಬುಡಕಟ್ಟುಗಳ ಹಾಡುಗಳನ್ನು ಮುದ್ರಿಸಿಕೊಂಡರು. 1909ರಲ್ಲಿ ಹೊರಬಂದ ಅವರ ಏಳು ಸಂಪುಟಗಳಲ್ಲಿ ಮಧುರೆ ಸೀಮೆಯ ಕನ್ನಡ ಮಾತಿನ ಕಪ್ಪಿಲಿಯರ, ಅನುಪ್ಪರ ವಿವರವೂ ಉಂಟು. ಇಂದಿನ ತೇನಿ, ಕಂಬಂ, ದಿಂಡಿಗಲ್ ಕಡೆಯ ಈ ಒಕ್ಕಲು ಮಕ್ಕಳಿಗೆ ಶಾಲೆಯ ಅಕ್ಷರ ತಮಿಳು. ಕನ್ನಡ ಮನೆಯೊಳಗಿನ ಮಾತು. ಪುಸ್ತಕ ಅವರ ಆಚಾರವನ್ನು ಹೇಳೀತು, ನುಡಿಯ ಏರಿಳಿತವನ್ನು ಕೇಳಿಸದು. ಬರಹಕ್ಕಿಳಿಯದ ನುಡಿಗೆ ಧ್ವನಿಮುದ್ರಣವೇ ಲಿಪಿ. ಅಂದು ಅಧಿಕಾರಿಯ ಕೈಯಲ್ಲಿದ್ದ ಸಾಧನ ಇಂದು ಮೊಮ್ಮಗನ ಕಿಸೆಯಲ್ಲಿದೆ. ಅಜ್ಜಿಯ ಹಾಡು ಅಜ್ಜಿಯೊಂದಿಗೇ ಹೋಗಬಾರದೆಂದಾದರೆ, ಅದನ್ನು ಕೇಳಿ ಮುದ್ರಿಸಿಡುವವರು ಮನೆಯವರೇ ಆಗಬೇಕು. ಗಡಿಯ ಕನ್ನಡಿಗರಾದ ನಮಗೂ ಈ ಮಾತು ಸಲ್ಲುತ್ತದೆ.