ಹೆಸರುಗಳ ಹೊತ್ತಗೆ: ಇಂಗ್ಲೆಂಡಿನ ಹಳೆಯ ದೇವಾಲಯ ದಾಖಲೆಗಳಲ್ಲಿ ಪೂರ್ವಜರ ಶೋಧ

ಸಂತ ಮತ್ತಾಯರು ತಮ್ಮ ಶುಭಸಂದೇಶವನ್ನು ಒಂದು ವಂಶಾವಳಿಯಿಂದ ಆರಂಭಿಸುತ್ತಾರೆ. ಅಬ್ರಹಾಮನಿಂದ ಮೊದಲ್ಗೊಂಡು ತಲೆಮಾರಿನಿಂದ ತಲೆಮಾರಿಗೆ ಇಳಿಯುತ್ತಾ ಪ್ರಭು ಯೇಸುವಿನವರೆಗೆ ಬರುತ್ತಾರೆ. ಸಂತ ಲೂಕರದು ಇದಕ್ಕೆ ವಿರುದ್ಧವಾದ ದಾರಿ. ಅವರು ಪ್ರಭುವಿನಿಂದ ಹೊರಟು ಆದಾಮನವರೆಗೆ ಮೇಲೇರುತ್ತಾರೆ. ಪೂರ್ವಜರನ್ನು ಅರಸುವವರಿಗೆ ಸಂತ ಲೂಕರ ದಾರಿಯೇ ಕ್ಷೇಮ. ತಿಳಿದವರಿಂದ ತಿಳಿಯದವರ ಕಡೆಗೆ, ಒಂದೊಂದೇ ಮೆಟ್ಟಿಲು ಹತ್ತಬೇಕಲ್ಲದೆ ದೂರದ ದೊಡ್ಡ ಹೆಸರೊಂದನ್ನು ಹಿಡಿದು ಕೆಳಕ್ಕೆ ಇಳಿಯಬಾರದು.

ಈ ಸ್ಮರಣ ಸಂಚಿಕೆಗಾಗಿ ನಮ್ಮ ದೇವಾಲಯದ ನೂರು ವರ್ಷಗಳ ಜ್ಞಾನಸ್ನಾನ, ವಿವಾಹ ಹಾಗೂ ಮರಣದ ಪುಸ್ತಕಗಳನ್ನು ತಿರುವಿ ನೋಡುವಾಗ, ಇಂಥ ಪುಸ್ತಕಗಳನ್ನೇ ನಂಬಿ ನಾಲ್ಕು ಶತಮಾನ ಹಿಂದಕ್ಕೆ ಹೋಗುವ ಇಂಗ್ಲೆಂಡಿನ ಜನರ ನೆನಪು ನಮಗಾಯಿತು. ಅವರ ಶೋಧದ ಕಥೆಯಲ್ಲಿ ನಮಗೂ ಒಂದು ಪಾಠವಿದೆ.

ಇಂಗ್ಲೆಂಡಿನಲ್ಲಿ ಸರ್ಕಾರವೇ ಜನನ ಮರಣಗಳನ್ನು ನೋಂದಾಯಿಸಲು ತೊಡಗಿದ್ದು 1837ರ ಜುಲೈ 1ರಿಂದ. 1851ರ ಜನಗಣತಿಯ ಪಟ್ಟಿಗಳಲ್ಲಿ ಪ್ರತಿಯೊಬ್ಬನೂ ಯಾವ ಊರಲ್ಲಿ ಹುಟ್ಟಿದನೆಂಬುದನ್ನೂ ಬರೆಯಲಾಯಿತು. ಶೋಧಕನು ಅಷ್ಟರವರೆಗೆ ಸರ್ಕಾರಿ ದಾಖಲೆಗಳ ಕೈ ಹಿಡಿದು ನಡೆಯಬಹುದು. ಊರಿನ ಹೆಸರು ಸಿಕ್ಕಿದ ಮೇಲೆ ಆ ಊರಿನ ದೇವಾಲಯದ ಪುಸ್ತಕವೇ ಅವನಿಗೆ ಗತಿ.

ಈ ಪುಸ್ತಕಗಳ ಹುಟ್ಟೇ ಒಂದು ವಿಚಿತ್ರ. ಎಂಟನೆಯ ಹೆನ್ರಿ ದೊರೆಯ ಪರವಾಗಿ ಸನ್ಯಾಸಿ ಮಠಗಳನ್ನು ಮುಚ್ಚಿಸಿದ ಥಾಮಸ್ ಕ್ರಾಮ್‌ವೆಲ್ಲನೇ 1538ರಲ್ಲಿ ಒಂದು ಆಜ್ಞೆ ಹೊರಡಿಸಿದನು. ಪ್ರತಿಯೊಂದು ಧರ್ಮಕೇಂದ್ರದ ಗುರುವೂ ಭಾನುವಾರದಂದು, ದೇವಾಲಯದ ಮೇಲ್ವಿಚಾರಕರ ಸಮ್ಮುಖದಲ್ಲಿ, ಆ ವಾರದ ಜ್ಞಾನಸ್ನಾನ, ವಿವಾಹ, ಭೂಸ್ಥಾಪನೆಗಳನ್ನು ಬರೆದಿಡಬೇಕು. ಪುಸ್ತಕವನ್ನು ಎರಡು ಬೀಗಗಳ ಪೆಟ್ಟಿಗೆಯಲ್ಲಿಟ್ಟು ಒಂದು ಕೀಲಿಕೈ ಗುರುವಿನ ಬಳಿ, ಇನ್ನೊಂದು ಮೇಲ್ವಿಚಾರಕರ ಬಳಿ ಇರಬೇಕು. ತಪ್ಪಿದರೆ ಮೂರು ಷಿಲಿಂಗ್ ನಾಲ್ಕು ಪೆನ್ಸ್ ದಂಡ. ಇದು ಹೊಸ ತೆರಿಗೆಯ ಹಂಚಿಕೆಯೆಂದು ಜನರು ಅಂಜಿದರು. ಇದಾದ ಇಪ್ಪತ್ತೈದು ವರ್ಷಗಳ ನಂತರ, 1563ರಲ್ಲಿ, ನಮ್ಮ ಟ್ರೆಂಟ್ ಮಹಾಸಭೆಯೂ ವಿವಾಹದ ಪುಸ್ತಕವನ್ನು ಇಡುವಂತೆ ಎಲ್ಲ ವಿಚಾರಣಾ ಗುರುಗಳಿಗೆ ವಿಧಿಸಿತು.

ಮೊದಲು ಬರೆದುದು ಕಾಗದದ ಮೇಲೆ. ಅದು ಬೇಗ ಹಾಳಾಗುವುದನ್ನು ಕಂಡು, ಚರ್ಮದ ಹಾಳೆಗಳ ಮೇಲೆ ನಕಲು ಮಾಡಬೇಕೆಂದೂ, ವರ್ಷಕ್ಕೊಮ್ಮೆ ಒಂದು ಪ್ರತಿಯನ್ನು ಬಿಷಪರಿಗೆ ಕಳುಹಿಸಬೇಕೆಂದೂ 1598ರಲ್ಲಿ ವಿಧಿಯಾಯಿತು. ಎಲಿಜಬೆತ್ ರಾಣಿ ಪಟ್ಟಕ್ಕೆ ಬಂದ 1558ರಿಂದ ನಕಲು ಮಾಡಿದರೆ ಸಾಕೆಂದು ಅನೇಕರು ತೃಪ್ತಿಪಟ್ಟರು. ಆದುದರಿಂದ ಹಲವು ಊರುಗಳಲ್ಲಿ ಮೊದಲ ಇಪ್ಪತ್ತು ವರ್ಷಗಳ ಹೆಸರುಗಳು ಶಾಶ್ವತವಾಗಿ ಅಳಿದುಹೋದವು. ನಾಟಕಕಾರ ಷೇಕ್ಸ್‌ಪಿಯರ್ 1564ರ ಏಪ್ರಿಲ್ 26ರಂದು ಜ್ಞಾನಸ್ನಾನ ಪಡೆದನೆಂಬುದು ಸ್ಟ್ರಾಟ್‌ಫರ್ಡ್ ದೇವಾಲಯದ ಇಂಥ ನಕಲು ಪ್ರತಿಯಿಂದಲೇ ಲೋಕಕ್ಕೆ ತಿಳಿದಿದೆ. ಅವನು ಹುಟ್ಟಿದ ದಿನವನ್ನು ಅಲ್ಲಿ ಯಾರೂ ಬರೆದಿಲ್ಲ.

ಶೋಧಕನ ದಾರಿಯಲ್ಲಿ ಮುಳ್ಳುಗಳು ಬಹಳ. 1752ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದುದು ದೇವದೂತನು ಮರಿಯಮ್ಮನವರಿಗೆ ಮಂಗಳವಾರ್ತೆ ಸಾರಿದ ಹಬ್ಬದಂದು, ಅಂದರೆ ಮಾರ್ಚ್ 25ರಂದು. ಹೀಗಾಗಿ 1720ರ ಜೂನ್‌ನಲ್ಲಿ ಮದುವೆಯಾದವರ ಮಗುವಿಗೆ 1720ರ ಫೆಬ್ರವರಿಯಲ್ಲೇ ಜ್ಞಾನಸ್ನಾನವಾದಂತೆ ಕಂಡರೆ ಯಾರನ್ನೂ ನಿಂದಿಸಬೇಕಾಗಿಲ್ಲ. ಆ ಫೆಬ್ರವರಿ ಜೂನ್‌ನ ನಂತರ ಬಂದದ್ದು. ತೀರಿಕೊಂಡ ಶಿಶುವಿನ ಹೆಸರನ್ನೇ ಮುಂದಿನ ಮಗುವಿಗೆ ಇಡುವ ರೂಢಿಯೂ ಇತ್ತು. ಆದುದರಿಂದ ಜ್ಞಾನಸ್ನಾನದ ಪುಸ್ತಕದಲ್ಲಿ ಅಜ್ಜನ ಹೆಸರು ಸಿಕ್ಕಿತೆಂದು ಹಿಗ್ಗುವ ಮೊದಲು ಭೂಸ್ಥಾಪನೆಯ ಪುಸ್ತಕವನ್ನೂ ನೋಡಬೇಕು. 1640ರ ಮತ್ತು 1650ರ ದಶಕಗಳ ಅಂತಃಕಲಹದ ಕಾಲದಲ್ಲಿ ಎಷ್ಟೋ ಪುಸ್ತಕಗಳ ಪುಟಗಳು ಬರಿದಾಗಿವೆ. ಅಚ್ಚಾದ ನಮೂನೆಗಳು ಬಂದದ್ದು 1813ರಲ್ಲಿ. ಅಂದಿನಿಂದ ತಂದೆಯ ಕಸುಬು, ಮನೆಯಿರುವ ಊರು, ಸತ್ತವರ ವಯಸ್ಸು ತಿಳಿಯತೊಡಗಿದವು. ಅದಕ್ಕೆ ಮುಂಚೆ ಬರೆಯುವವನ ಮನಸ್ಸಿಗೆ ಬಂದಷ್ಟೇ. ಹಳೆಯ ಜ್ಞಾನಸ್ನಾನದ ದಾಖಲೆಗಳಲ್ಲಿ ತಂದೆಯ ಹೆಸರೊಂದೇ ಇದ್ದು, ಹೆತ್ತ ತಾಯಿಯ ಹೆಸರು ಇಲ್ಲದಿರುವುದು ಸಾಮಾನ್ಯ.

ಕಥೋಲಿಕರ ಪೂರ್ವಜರನ್ನು ಹುಡುಕುವುದಂತೂ ಇನ್ನೂ ಕಠಿಣ. ನಮ್ಮ ಗುರುಗಳು ಅಡಗಿ ಸಂಸ್ಕಾರಗಳನ್ನು ನೀಡುತ್ತಿದ್ದ ಆ ದಿನಗಳಲ್ಲಿ ಹೆಸರುಗಳ ಪಟ್ಟಿ ಇಟ್ಟುಕೊಳ್ಳುವುದೆಂದರೆ ಬೇಟೆಗಾರನಿಗೆ ಹೆಜ್ಜೆಯ ಗುರುತು ತೋರಿದಂತೆ. ಆದುದರಿಂದ 18ನೆಯ ಶತಮಾನದ ನಡುಭಾಗಕ್ಕಿಂತ ಹಳೆಯ ಕಥೋಲಿಕ ಪುಸ್ತಕಗಳು ಅಲ್ಲಿ ವಿರಳ. ಹಾಗಾದರೆ ಆ ವಿಶ್ವಾಸಿಗಳು ಎಲ್ಲಿ ಸಿಗುತ್ತಾರೆ? ಅವರನ್ನು ಶಿಕ್ಷಿಸಿದವರ ಪುಸ್ತಕಗಳಲ್ಲಿ! ಆಂಗ್ಲ ಸಭೆಯ ಆರಾಧನೆಗೆ ಬಾರದವರಿಗೆ 1581ರ ಕಾನೂನು ತಿಂಗಳಿಗೆ ಇಪ್ಪತ್ತು ಪೌಂಡ್ ದಂಡ ವಿಧಿಸಿತು; 1592ರಿಂದ ಈ ದಂಡದ ಲೆಕ್ಕಕ್ಕೆಂದೇ ಪ್ರತ್ಯೇಕ ಸುರುಳಿಗಳನ್ನು ಇಡಲಾಯಿತು. 1754ರಿಂದ 1837ರವರೆಗೆ ಆಂಗ್ಲ ಸಭೆಯ ದೇವಾಲಯದಲ್ಲಿ ನಡೆಯದ ಕಥೋಲಿಕ ವಿವಾಹಕ್ಕೆ ಕಾನೂನಿನ ಮನ್ನಣೆ ಇರಲಿಲ್ಲ. ನಮ್ಮವರು ಗುರುವಿನ ಮುಂದೆ ಗುಟ್ಟಾಗಿ ಒಮ್ಮೆ, ಕಾನೂನಿಗಾಗಿ ಅಲ್ಲಿ ಇನ್ನೊಮ್ಮೆ ಮದುವೆಯಾಗುತ್ತಿದ್ದರು. ಕಳಂಕ ಹಚ್ಚಲೆಂದು ಬರೆದ ಹೆಸರು ಇಂದು ಅವರ ಮೊಮ್ಮಕ್ಕಳ ಮರಿಮಕ್ಕಳಿಗೆ ಗೌರವದ ಪತ್ರವಾಗಿದೆ.

ಈ ದಾಖಲೆಗಳ ಒಂದು ಎಳೆ ನಮ್ಮ ನಾಡಿನವರೆಗೂ ಚಾಚಿದೆ. ಇಂಗ್ಲೆಂಡಿನ ಹಳ್ಳಿಯಲ್ಲಿ ಕಾಣೆಯಾದ ಸಿಪಾಯಿಯೊಬ್ಬನ ಮದುವೆಯೋ ಸಮಾಧಿಯೋ ಬೆಂಗಳೂರು ದಂಡಿನಲ್ಲಿ ಆಗಿರಬಹುದು. ಮದರಾಸು ಆಧಿಪತ್ಯದಿಂದ ಲಂಡನ್ನಿಗೆ ಕಳುಹಿಸುತ್ತಿದ್ದ ಜ್ಞಾನಸ್ನಾನ, ವಿವಾಹ, ಸಮಾಧಿಗಳ ಪ್ರತಿಗಳು ಅಲ್ಲಿನ ಬ್ರಿಟಿಷ್ ಗ್ರಂಥಾಲಯದಲ್ಲಿವೆ.

1981ರಲ್ಲಿ ಕೇಂಬ್ರಿಜ್‌ನ ರಿಗ್ಲಿ ಮತ್ತು ಸ್ಕೋಫೀಲ್ಡ್ ಎಂಬ ವಿದ್ವಾಂಸರು 404 ಧರ್ಮಕೇಂದ್ರಗಳ ಪುಸ್ತಕಗಳ ಆಧಾರದಿಂದ ಇಂಗ್ಲೆಂಡಿನ ಮೂರು ಶತಮಾನಗಳ ಜನಸಂಖ್ಯೆಯ ಚರಿತ್ರೆಯನ್ನು ಪ್ರಕಟಿಸಿದರು. ಅರಸರ ಚರಿತ್ರೆಗೆ ಶಾಸನಗಳಿವೆ. ಉಳುವವನ, ನೇಯುವವನ, ಬಾಣಂತನದಲ್ಲಿ ತೀರಿಕೊಂಡ ತಾಯಿಯ ಚರಿತ್ರೆಗೆ ಹಳ್ಳಿಯ ಗುರು ಬರೆದ ಒಂದು ಸಾಲೇ ಶಾಸನ.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ನಾವು ಗುರುದೀಕ್ಷೆ ಪಡೆದ ಹೊಸತರಲ್ಲಿ ಒಂದು ಶಿಶುವಿಗೆ ಜ್ಞಾನಸ್ನಾನ ಕೊಟ್ಟಾಗ, ತಾಯಿಯ ಮನೆಹೆಸರೊಂದು, ಜ್ಞಾನಸ್ನಾನದ ಹೆಸರೊಂದು ಎಂದು ಬಂಧುಗಳು ವಾದಿಸತೊಡಗಿದರು. ನಾಳೆ ವಿಚಾರಿಸಿ ಬರೆಯೋಣವೆಂದು ಆ ಸ್ಥಳವನ್ನು ಖಾಲಿ ಬಿಟ್ಟೆವು. ಆ ನಾಳೆ ಬರಲಿಲ್ಲ. ಇಪ್ಪತ್ತಮೂರು ವರ್ಷಗಳ ನಂತರ ಆ ಮಗಳು ತನ್ನ ಮದುವೆಗಾಗಿ ಪ್ರಮಾಣಪತ್ರ ಕೇಳಲು ಬಂದಳು. ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದರು. “ಸ್ವಾಮಿ, ಅಮ್ಮನ ಹೆಸರೇ ಇಲ್ಲವಲ್ಲ” ಎಂದಳು. ಮಸಿ ನಮ್ಮದೇ, ಕೈಬರಹ ನಮ್ಮದೇ. ಕೊನೆಗೆ ತಾಯಿಯ ತವರಿನ ಧರ್ಮಕೇಂದ್ರಕ್ಕೆ ಪತ್ರ ಬರೆದೆವು. ಅಲ್ಲಿನ ಹಿಂದಿನ ಗುರುಗಳು ನಮಗಿಂತ ಎಚ್ಚರದಿಂದ ಬರೆದಿಟ್ಟಿದ್ದ ಪುಸ್ತಕದಿಂದ ಆ ಹೆಸರು ಮರಳಿ ದೊರೆಯಿತು.

ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಬೇಕೆಂದು ಧರ್ಮಸಭೆಯ 1983ರ ಕಾನೂನು ಸಂಹಿತೆಯೂ ವಿಧಿಸುತ್ತದೆ. ಕಾಪಾಡುವುದು ಗುರುವಿನ ಕೆಲಸ. ಸರಿಯಾದ ಹೆಸರು, ಸರಿಯಾದ ದಿನಾಂಕ ತಿಳಿಸುವುದು ಮನೆಯವರ ಕೆಲಸ. ಪ್ರಿಯ ಬಾಂಧವರೇ, ಮುಂದಿನ ಸಲ ಮಗುವನ್ನು ಜ್ಞಾನಸ್ನಾನಕ್ಕೆ ತಂದಾಗ, ಬರೆದ ಸಾಲನ್ನು ನಿಮ್ಮ ಗುರುಗಳಿಂದ ಒಮ್ಮೆ ಓದಿಸಿ ಕೇಳಿರಿ. ಇನ್ನೊಂದು ನೂರು ವರ್ಷಗಳ ನಂತರ ಈ ದೇವಾಲಯಕ್ಕೆ ನಿಮ್ಮನ್ನು ಹುಡುಕಿಕೊಂಡು ಬರುವವರಿಗೆ ಅದೇ ಬಾಗಿಲು.