ಅಮೆರಿಕದ ಡಿಒ ಮೆಡಿಕಲ್ ಸೀಟು: ಎಂಕ್ಯಾಟ್ ಸ್ಕೋರ್ ಕಡಿಮೆ ಬಂದರೆ ಅರ್ಜಿ ಹಾಕಬಹುದಾ? ಪೂರ್ತಿ ಮಾಹಿತಿ ಇಲ್ಲಿದೆ

ತಾಲ್ಲೂಕಿನ ಎಷ್ಟೋ ಮನೆಗಳ ಮಕ್ಕಳು, ಮೊಮ್ಮಕ್ಕಳು ಈಗ ಅಮೆರಿಕದಲ್ಲಿದ್ದಾರೆ. ಅಲ್ಲೇ ಹುಟ್ಟಿ ಬೆಳೆದು ಕಾಲೇಜು ಮುಗಿಸಿದ ಮೊಮ್ಮಗಳು ಫೋನ್ ಮಾಡಿ ‘ಅಜ್ಜಿ, ನಾನು ಡಿಒ ಕಾಲೇಜಿಗೆ ಅಪ್ಲೈ ಮಾಡ್ತಿದೀನಿ’ ಅಂದರೆ ಇಲ್ಲಿ ಮನೆಯವರಿಗೆ ಗೊಂದಲ. ಡಿಒ ಅಂದರೆ ಏನು? ಅದು ಪೂರ್ತಿ ಡಾಕ್ಟರ್ ಓದೋ, ಅಲ್ವೋ? ಮಾರ್ಕ್ಸ್ ಕಡಿಮೆ ಬಂದವರು ಹೋಗುವ ಕೋರ್ಸಾ? ಇನ್ನು ದುಡ್ಡಿನ ವಿಷಯ ಬಂದಾಗ ಊರಿನ ಸೈಟು, ತೋಟದ ಮಾತೂ ಬರುತ್ತದೆ. ಹಾಗಾಗಿ ವಿಷಯವನ್ನು ಸರಿಯಾಗಿ ತಿಳಿದುಕೊಳ್ಳುವುದು ಒಳ್ಳೆಯದು.

ಡಿಒ ಅಂದರೆ ಏನು?

ಅಮೆರಿಕದಲ್ಲಿ ಡಾಕ್ಟರ್ ಆಗಲು ಎರಡು ಪದವಿಗಳಿವೆ. ಒಂದು ಎಂಡಿ, ಇನ್ನೊಂದು ಡಿಒ, ಅಂದರೆ ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್. ನಮ್ಮಲ್ಲಿ ಎಂಡಿ ಅಂದರೆ ಎಂಬಿಬಿಎಸ್ ಆದಮೇಲಿನ ಸ್ನಾತಕೋತ್ತರ ಪದವಿ. ಅಲ್ಲಿ ಹಾಗಲ್ಲ, ಎಂಡಿ ಮತ್ತು ಡಿಒ ಎರಡೂ ಮೊದಲ ವೈದ್ಯ ಪದವಿಗಳೇ. ನಾಲ್ಕು ವರ್ಷದ ಡಿಗ್ರಿ ಮುಗಿಸಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಓದಿ, ಅದಾದ ಮೇಲೆ 3ರಿಂದ 7 ವರ್ಷ ರೆಸಿಡೆನ್ಸಿ ಮಾಡಬೇಕು.

ಈ ಪದ್ಧತಿ ಶುರು ಮಾಡಿದವರು ಆಂಡ್ರ್ಯೂ ಟೇಲರ್ ಸ್ಟಿಲ್ ಎಂಬ ವೈದ್ಯರು. 1874ರಲ್ಲಿ ತಮ್ಮ ವಿಚಾರವನ್ನು ಮುಂದಿಟ್ಟ ಅವರು, 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್ ಎಂಬ ಸಣ್ಣ ಊರಲ್ಲಿ ಮೊದಲ ಕಾಲೇಜು ತೆರೆದರು. ಈಗ ದೇಶದಲ್ಲಿ 40ಕ್ಕೂ ಹೆಚ್ಚು ಡಿಒ ಕಾಲೇಜುಗಳಿವೆ. ಅಮೆರಿಕದ ವೈದ್ಯ ವಿದ್ಯಾರ್ಥಿಗಳಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚು ಮಂದಿ ಓದುವುದು ಡಿಒ ಕಾಲೇಜುಗಳಲ್ಲೇ.

ಡಿಒ ಆದವರು ಎಲ್ಲ 50 ರಾಜ್ಯಗಳಲ್ಲೂ ಔಷಧಿ ಬರೆಯಬಹುದು, ಆಪರೇಷನ್ ಮಾಡಬಹುದು, ಯಾವ ಸ್ಪೆಷಾಲಿಟಿಗೆ ಬೇಕಾದರೂ ಹೋಗಬಹುದು. ಟ್ರಂಪ್ ಮತ್ತು ಬೈಡನ್ ಇಬ್ಬರೂ ಅಧ್ಯಕ್ಷರಾಗಿದ್ದಾಗ ಶ್ವೇತಭವನದ ವೈದ್ಯರಾಗಿದ್ದ ಶಾನ್ ಕಾನ್ಲಿ, ಕೆವಿನ್ ಒ'ಕಾನರ್ ಓದಿದ್ದು ಡಿಒ. ಓದಿನಲ್ಲಿ ವ್ಯತ್ಯಾಸ ಇಷ್ಟೇ: ಡಿಒ ವಿದ್ಯಾರ್ಥಿಗಳು ಮೂಳೆ, ಕೀಲು, ಸ್ನಾಯುಗಳನ್ನು ಕೈಯಿಂದಲೇ ಪರೀಕ್ಷಿಸಿ ಚಿಕಿತ್ಸೆ ಕೊಡುವ ವಿಧಾನವನ್ನು ಸುಮಾರು 200 ಗಂಟೆ ಹೆಚ್ಚಿಗೆ ಕಲಿಯುತ್ತಾರೆ.

ಒಂದು ಎಚ್ಚರಿಕೆ. ನಮ್ಮ ಕಡೆ ಕಣ್ಣಿನ ಡಾಕ್ಟರ್ ಬೋರ್ಡಿನಲ್ಲಿ ‘ಎಂಬಿಬಿಎಸ್, ಡಿಒ’ ಅಂತ ಇದ್ದರೆ ಅದು ನೇತ್ರ ಚಿಕಿತ್ಸೆಯ ಡಿಪ್ಲೊಮಾ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಾಗೇ ಬ್ರಿಟನ್‌ನಲ್ಲಿ ‘ಆಸ್ಟಿಯೋಪಾತ್’ ಅಂತ ನೋಂದಾಯಿಸಿಕೊಂಡವರು ಕೈ ಚಿಕಿತ್ಸೆ ಕೊಡುವವರು, ಅವರು ಅಲ್ಲಿನ ಎಂಬಿಬಿಎಸ್ ಡಾಕ್ಟರುಗಳಲ್ಲ. ಪೂರ್ತಿ ವೈದ್ಯ ಪದವಿ ಆಗಿರುವುದು ಅಮೆರಿಕದ ಡಿಒ. ಕೆಲವೇ ತಿಂಗಳ ಸರ್ಟಿಫಿಕೇಟ್ ಕೋರ್ಸ್ ತೋರಿಸಿ ‘ಇದೂ ಅಮೆರಿಕದ ಡಿಒನೇ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಎಂಕ್ಯಾಟ್ ಸ್ಕೋರ್ ಓದುವುದು ಹೇಗೆ?

ಅಮೆರಿಕದ ಮೆಡಿಕಲ್ ಪ್ರವೇಶ ಪರೀಕ್ಷೆಯೇ ಎಂಕ್ಯಾಟ್. ನೀಟ್ ಥರ 720ಕ್ಕೆ ಲೆಕ್ಕ ಅಲ್ಲ. ಅತಿ ಕಡಿಮೆ ಸ್ಕೋರ್ 472, ಅತಿ ಹೆಚ್ಚು 528, ನಟ್ಟ ನಡುವೆ 500. ಒಟ್ಟು ನಾಲ್ಕು ವಿಭಾಗ, ಪ್ರತಿಯೊಂದಕ್ಕೂ 118ರಿಂದ 132. ರಸಾಯನ–ಭೌತಶಾಸ್ತ್ರ, ಓದಿ ಅರ್ಥ ಮಾಡಿಕೊಳ್ಳುವ ಭಾಗ, ಜೀವಶಾಸ್ತ್ರ–ಜೀವರಸಾಯನ, ಮನಶ್ಶಾಸ್ತ್ರ–ಸಮಾಜಶಾಸ್ತ್ರ. 230 ಪ್ರಶ್ನೆ. ವಿರಾಮ ಎಲ್ಲ ಸೇರಿ ಪರೀಕ್ಷಾ ಕೊಠಡಿಯಲ್ಲಿ ಸುಮಾರು ಏಳೂವರೆ ಗಂಟೆ.

ಎಂಡಿ ಕಾಲೇಜುಗಳಿಗೆ ಸೇರಿದವರ ಸರಾಸರಿ ಸ್ಕೋರ್ 511–512ರ ಆಸುಪಾಸು. ಡಿಒ ಕಾಲೇಜುಗಳಿಗೆ ಸೇರಿದವರದ್ದು 504ರ ಆಸುಪಾಸು. ಡಿಗ್ರಿಯಲ್ಲಿ ತೆಗೆದ ಅಂಕದ ಸರಾಸರಿಯನ್ನು ಅಲ್ಲಿ ಜಿಪಿಎ ಅಂತಾರೆ, 4ಕ್ಕೆ ಲೆಕ್ಕ. ಎಂಡಿಗೆ ಅದು 3.8ರ ಹತ್ತಿರ, ಡಿಒಗೆ 3.6ರ ಹತ್ತಿರ.

ಸರಾಸರಿ ಅಂದರೆ ಅದಕ್ಕಿಂತ ಕಡಿಮೆ ಇದ್ದವರೂ ಸೇರಿದ್ದಾರೆ ಅಂತಲೇ ಅರ್ಥ. 504 ಕಟಾಫ್ ಅಲ್ಲ. ಆದರೆ ಕೆಲವು ಕಾಲೇಜುಗಳು ತಮ್ಮದೇ ಕನಿಷ್ಠ ಸ್ಕೋರ್ ಇಟ್ಟಿವೆ. ಅದಕ್ಕಿಂತ ಒಂದು ಅಂಕ ಕಡಿಮೆ ಇದ್ದರೂ ಅರ್ಜಿಯನ್ನು ಮುಂದಕ್ಕೆ ಒಯ್ಯುವುದಿಲ್ಲ. ಕಾಲೇಜಿನ ವೆಬ್‌ಸೈಟಿನಲ್ಲಿ ಮೊದಲು ನೋಡಬೇಕಾದ್ದು ಇದನ್ನೇ.

ನೀಟ್‌ಗೂ ಇದಕ್ಕೂ ದೊಡ್ಡ ವ್ಯತ್ಯಾಸ

ಕರ್ನಾಟಕದಲ್ಲಿ ನೀಟ್ ರ‍್ಯಾಂಕ್ ಬಂದರೆ ಕೆಇಎ ಕೌನ್ಸೆಲಿಂಗ್‌ನಲ್ಲಿ ರ‍್ಯಾಂಕ್ ಪ್ರಕಾರ ಸೀಟು ಹಂಚಿಕೆ ಆಗುತ್ತದೆ. ವಿದ್ಯಾರ್ಥಿಯ ಮುಖವನ್ನೂ ಯಾರೂ ನೋಡಲ್ಲ. ಅಮೆರಿಕದಲ್ಲಿ ಪ್ರತಿ ಕಾಲೇಜು ತಾನೇ ಅರ್ಜಿ ಓದಿ, ಪ್ರಬಂಧ ಓದಿ, ಶಿಫಾರಸು ಪತ್ರ ನೋಡಿ, ಇಂಟರ್‌ವ್ಯೂ ಮಾಡಿ ನಿರ್ಧಾರ ಮಾಡುತ್ತದೆ. ಸ್ಕೋರ್ ಕಡಿಮೆ ಇದ್ದವರಿಗೆ ದಾರಿ ಇರುವುದೇ ಇಲ್ಲಿ. ಆದರೆ ಬೇರೆ ಕಡೆ ತೂಕ ಇದ್ದರೆ ಮಾತ್ರ.

ಆ ತೂಕ ಬರುವುದು ಇವುಗಳಿಂದ: ವಿಜ್ಞಾನ ವಿಷಯಗಳಲ್ಲಿ ಒಳ್ಳೆಯ ಜಿಪಿಎ, ಆಸ್ಪತ್ರೆಯಲ್ಲೋ ವೃದ್ಧಾಶ್ರಮದಲ್ಲೋ ರೋಗಿಗಳ ಜೊತೆ ನಿಜವಾಗಿ ಕೆಲಸ ಮಾಡಿದ ಅನುಭವ, ಡಿಒ ವೈದ್ಯರ ಜೊತೆ ಇದ್ದು ಅವರ ಕೆಲಸ ನೋಡಿರುವುದು. ಡಿಒ ವೈದ್ಯರೊಬ್ಬರ ಶಿಫಾರಸು ಪತ್ರವನ್ನು ಕೆಲವು ಕಾಲೇಜು ಕಡ್ಡಾಯ ಮಾಡಿವೆ, ಇನ್ನು ಕೆಲವು ಇದ್ದರೆ ಒಳ್ಳೆಯದು ಅನ್ನುತ್ತವೆ. ‘ಎಂಡಿ ಸಿಗಲಿಲ್ಲ, ಅದಕ್ಕೆ ಬಂದೆ’ ಅನ್ನುವ ಧಾಟಿ ಪ್ರಬಂಧದಲ್ಲಾಗಲಿ ಇಂಟರ್‌ವ್ಯೂನಲ್ಲಾಗಲಿ ಕಂಡರೆ ಅಲ್ಲಿಗೆ ಮುಗೀತು.

ಊರು ಕೂಡ ಲೆಕ್ಕಕ್ಕೆ ಬರುತ್ತದೆ. ಬಹಳಷ್ಟು ಡಿಒ ಕಾಲೇಜುಗಳು ಶುರುವಾಗಿದ್ದೇ ಡಾಕ್ಟರ್ ಇಲ್ಲದ ಹಳ್ಳಿಗಾಡಿಗೆ ಡಾಕ್ಟರ್ ಕೊಡಲು. ಕೆಂಟಕಿ ರಾಜ್ಯದ ಪೈಕ್‌ವಿಲ್, ವೆಸ್ಟ್ ವರ್ಜೀನಿಯಾದ ಲೂಯಿಸ್‌ಬರ್ಗ್ ಕಾಲೇಜುಗಳು ಅಪಲಾಚಿಯಾ ಗುಡ್ಡಗಾಡಿನ ಜನರ ಸೇವೆಯನ್ನೇ ಗುರಿ ಅಂತ ಹೇಳಿಕೊಂಡಿವೆ. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಡಾಕ್ಟರ್ ಹುದ್ದೆ ಖಾಲಿ ಇದ್ದರೆ ಏನಾಗುತ್ತೆ ಅಂತ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಡಿಒ ವೈದ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಫ್ಯಾಮಿಲಿ ಡಾಕ್ಟರ್, ಮಕ್ಕಳ ಡಾಕ್ಟರ್ ಥರದ ಪ್ರಾಥಮಿಕ ಚಿಕಿತ್ಸೆಯಲ್ಲೇ ಇದ್ದಾರೆ. ಅಂಥ ಕಡೆ ಕೆಲಸ ಮಾಡುವ ಮನಸ್ಸಿದೆ, ಮೊದಲೇ ಸ್ವಲ್ಪ ಮಾಡಿಯೂ ಇದೆ ಅಂತ ತೋರಿಸಿದವರಿಗೆ ಅನುಕೂಲ.

ಮತ್ತೆ ಪರೀಕ್ಷೆ ಬರೆಯಬೇಕಾ?

ಇದೇ ಮುಖ್ಯ ಪ್ರಶ್ನೆ. ಎಂಕ್ಯಾಟನ್ನು ಒಂದು ವರ್ಷದಲ್ಲಿ 3 ಸಲ, ಎರಡು ವರ್ಷದಲ್ಲಿ 4 ಸಲ, ಇಡೀ ಜೀವನದಲ್ಲಿ 7 ಸಲ ಮಾತ್ರ ಬರೆಯಬಹುದು. ನೋಂದಾಯಿಸಿ ಹೋಗದಿದ್ದರೂ, ಬರೆದು ರದ್ದು ಮಾಡಿದರೂ ಒಂದು ಸಲ ಅಂತಲೇ ಲೆಕ್ಕ. ಒಳ್ಳೆಯ ಸ್ಕೋರ್ ಮಾತ್ರ ಆರಿಸಿ ಕಳಿಸಲು ಬರಲ್ಲ, ಹಳೆಯದೂ ಕಾಲೇಜಿಗೆ ಕಾಣುತ್ತದೆ. ಎರಡನೇ ಸಲ ಇನ್ನೂ ಕಡಿಮೆ ಬಂದರೆ ಇದ್ದದ್ದೂ ಹಾಳು.

ಒಂದು ಲೆಕ್ಕ ನೋಡಿ. ಒಬ್ಬರಿಗೆ 125, 124, 124, 125 ಬಂದು ಒಟ್ಟು 498. ಇನ್ನೊಬ್ಬರಿಗೆ 125, 122, 126, 125, ಒಟ್ಟು ಅಷ್ಟೇ 498. ಎರಡನೆಯವರದ್ದು ಓದಿ ಅರ್ಥ ಮಾಡಿಕೊಳ್ಳುವ ಒಂದೇ ವಿಭಾಗದ ತೊಂದರೆ, ಅದಕ್ಕೆ ಕೂತು ಅಭ್ಯಾಸ ಮಾಡಬಹುದು. ಮೊದಲನೆಯವರು ಎಲ್ಲ ವಿಷಯದ ತಳಪಾಯವನ್ನೂ ಮತ್ತೆ ಗಟ್ಟಿ ಮಾಡಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು.

ಮತ್ತೆ ಬರೆಯುವ ಮೊದಲು ಪೂರ್ಣ ಅವಧಿಯ ಅಭ್ಯಾಸ ಪರೀಕ್ಷೆಗಳಲ್ಲಿ ಒಂದಲ್ಲ, ಮೂರು ನಾಲ್ಕು ಸಲ ಸ್ಕೋರ್ ಮೇಲೆ ಬಂದಿರಬೇಕು. ಬಂದಿಲ್ಲ ಅಂದರೆ ದಿನಾಂಕ ಮುಂದೂಡುವುದೇ ಲಾಭ. ಪರೀಕ್ಷೆ ಫೀಸೇ 300 ಡಾಲರ್‌ಗಿಂತ ಹೆಚ್ಚು.

ಯಾವಾಗ ಅರ್ಜಿ ಹಾಕಬೇಕು?

ಡಿಒ ಕಾಲೇಜುಗಳಿಗೆ ಆಕೋಮಾಸ್ ಎಂಬ ಒಂದೇ ಆನ್‌ಲೈನ್ ಅರ್ಜಿ. ಟೆಕ್ಸಾಸ್‌ನ ಸರ್ಕಾರಿ ಕಾಲೇಜುಗಳಿಗೆ ಮಾತ್ರ ಬೇರೆ. ಅರ್ಜಿ ಮೇ ತಿಂಗಳ ಮೊದಲ ವಾರದಲ್ಲಿ ಶುರುವಾಗುತ್ತದೆ, ತರಗತಿ ಶುರುವಾಗುವುದು ಮುಂದಿನ ವರ್ಷ ಜುಲೈ–ಆಗಸ್ಟ್‌ನಲ್ಲಿ. ಕೊನೇ ದಿನಾಂಕ ಎಷ್ಟೋ ಕಡೆ ಮುಂದಿನ ವರ್ಷದ ಆರಂಭದವರೆಗೂ ಇರುತ್ತದೆ. ಆದರೆ ಅದನ್ನು ನಂಬಿ ಕೂರಬಾರದು. ಅರ್ಜಿ ಬಂದ ಹಾಗೆ ಓದಿ, ಇಂಟರ್‌ವ್ಯೂ ಮಾಡಿ, ಸೀಟು ಕೊಡುತ್ತಾ ಹೋಗುತ್ತಾರೆ. ಸಂತೆಗೆ ಸಂಜೆ ಹೋದವರಿಗೆ ಉಳಿದದ್ದೇ ಸಿಗುವುದು, ಇಲ್ಲೂ ಹಾಗೇ. ಸ್ಕೋರ್ ಕಡಿಮೆ ಇದ್ದವರು ಮೇ–ಜೂನ್‌ನಲ್ಲೇ ಹಾಕಬೇಕು.

ಎಂಕ್ಯಾಟ್ ಫಲಿತಾಂಶಕ್ಕೆ ಒಂದು ತಿಂಗಳು ಬೇಕು. ಆಗಸ್ಟ್ ಕೊನೆಗೆ ಮತ್ತೆ ಬರೆದರೆ ಸ್ಕೋರ್ ಬರುವಾಗ ಸೆಪ್ಟೆಂಬರ್ ಕೊನೆ. ಅಷ್ಟರಲ್ಲಿ ಸುಮಾರು ಕಡೆ ಇಂಟರ್‌ವ್ಯೂ ಶುರುವಾಗಿರುತ್ತದೆ. ಆಗ ಅವಸರ ಮಾಡುವ ಬದಲು ಒಂದು ವರ್ಷ ತಡೆದು, ಮುಂದಿನ ಮೇನಲ್ಲಿ ಪೂರ್ತಿ ತಯಾರಿಯೊಂದಿಗೆ ಹಾಕುವುದು ವಾಸಿ. ಆ ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದರೆ ಅದೂ ಅರ್ಜಿಗೆ ಬಲ.

ಹಳೆಯ ಮಾಹಿತಿ ನಂಬಿ ಮೋಸ ಹೋಗಬೇಡಿ. ಮೊದಲು ಡಿಒ ಅರ್ಜಿಯಲ್ಲಿ ಒಂದು ವಿಷಯವನ್ನು ಮತ್ತೆ ಓದಿದರೆ ಹೊಸ ಗ್ರೇಡ್ ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. 2017ರಿಂದ ಅದನ್ನು ತೆಗೆದಿದ್ದಾರೆ. ಈಗ ಎರಡೂ ಗ್ರೇಡ್ ಸೇರಿಸಿಯೇ ಜಿಪಿಎ ಹಾಕುತ್ತಾರೆ.

ಜಿಪಿಎ ಕೂಡ ಕಡಿಮೆ ಇದ್ದರೆ?

ಸ್ಕೋರ್, ಜಿಪಿಎ ಎರಡೂ ಕಡಿಮೆ ಇದ್ದರೆ ನೇರವಾಗಿ ಅರ್ಜಿ ಹಾಕುವುದು ದುಡ್ಡು ಕಳೆಯುವ ಕೆಲಸ. ಅಂಥವರು ಡಿಗ್ರಿ ಆದಮೇಲೆ ಒಂದೆರಡು ವರ್ಷ ವಿಜ್ಞಾನ ವಿಷಯಗಳನ್ನು ಹೆಚ್ಚಿಗೆ ಓದುತ್ತಾರೆ, ಅಥವಾ ಮೆಡಿಕಲ್ ಕಾಲೇಜುಗಳೇ ನಡೆಸುವ ವಿಶೇಷ ಮಾಸ್ಟರ್ಸ್ ಸೇರುತ್ತಾರೆ. ಕೆಲವು ಕಾಲೇಜು ತಮ್ಮ ಮಾಸ್ಟರ್ಸ್‌ನಲ್ಲಿ ನಿಗದಿತ ಅಂಕ ತೆಗೆದವರಿಗೆ ಇಂಟರ್‌ವ್ಯೂ ಖಾತ್ರಿ ಕೊಡುತ್ತವೆ. ಇಂಟರ್‌ವ್ಯೂ ಖಾತ್ರಿ ಬೇರೆ, ಸೀಟು ಖಾತ್ರಿ ಬೇರೆ. ಫೀಸ್ ಕಟ್ಟುವ ಮೊದಲು ಅದನ್ನು ಬರಹದಲ್ಲಿ ನೋಡಿಕೊಳ್ಳಬೇಕು.

ಇದೇ ಹೊತ್ತಿಗೆ ಕೆರಿಬಿಯನ್ ದ್ವೀಪಗಳ ಎಂಡಿ ಕಾಲೇಜುಗಳ ಜಾಹೀರಾತು ಬರುತ್ತದೆ. ಅಲ್ಲಿ ಸೇರುವುದು ಸುಲಭ, ಮುಂದೆ ರೆಸಿಡೆನ್ಸಿ ಸಿಗುವುದು ಕಷ್ಟ. 2024ರ ಅಮೆರಿಕದ ರೆಸಿಡೆನ್ಸಿ ಹಂಚಿಕೆಯಲ್ಲಿ ಡಿಒ ಕೊನೇ ವರ್ಷದವರಲ್ಲಿ ಶೇ. 92.3 ಮಂದಿಗೆ ಸ್ಥಾನ ಸಿಕ್ಕಿತು. ಎಂಡಿಯವರಿಗೆ ಶೇ. 93.5. ವಿದೇಶದಲ್ಲಿ ಮೆಡಿಕಲ್ ಓದಿ ಬಂದ ಅಮೆರಿಕದ ಪ್ರಜೆಗಳಿಗೆ ಶೇ. 67 ಮಾತ್ರ. ಹೆಸರಿನ ಮುಂದೆ ಎಂಡಿ ಬೇಕು ಅನ್ನುವ ಆಸೆಗೆ ಡಿಒ ಬಿಟ್ಟು ಕೆರಿಬಿಯನ್‌ಗೆ ಹೋಗುವ ಮೊದಲು ಈ ಮೂರು ಸಂಖ್ಯೆ ಮುಂದಿಟ್ಟುಕೊಂಡು ಯೋಚಿಸಬೇಕು. ರೆಸಿಡೆನ್ಸಿ ಇಲ್ಲದೆ ಅಲ್ಲಿ ಡಾಕ್ಟರಾಗಿ ಪ್ರಾಕ್ಟೀಸ್ ಮಾಡಲು ಆಗಲ್ಲ, ಸಾಲ ಮಾತ್ರ ತಲೆ ಮೇಲೆ ಉಳಿಯುತ್ತದೆ.

ದುಡ್ಡಿನ ಲೆಕ್ಕ

ಆಕೋಮಾಸ್‌ನಲ್ಲಿ ಮೊದಲ ಕಾಲೇಜಿಗೆ ಸುಮಾರು 200 ಡಾಲರ್, ಆಮೇಲಿನ ಪ್ರತಿ ಕಾಲೇಜಿಗೆ 50 ಡಾಲರ್‌ಗಿಂತ ಹೆಚ್ಚು. ಕಾಲೇಜುಗಳು ಕೇಳುವ ಎರಡನೇ ಹಂತದ ಅರ್ಜಿಗೆ ಬೇರೆ ಫೀಸ್. ಹತ್ತು ಹನ್ನೆರಡು ಕಾಲೇಜಿಗೆ ಹಾಕಿದರೆ ಸಾವಿರ ಡಾಲರ್ ದಾಟುವುದು ಸುಲಭ. ಕಡಿಮೆ ಆದಾಯದವರಿಗೆ ಫೀಸ್ ರಿಯಾಯಿತಿ ಇದೆ, ಮೊದಲೇ ಕೇಳಬೇಕು. ಸೀಟು ಸಿಕ್ಕಮೇಲೆ ಕಟ್ಟುವ ಡೆಪಾಸಿಟ್ ಬಹಳಷ್ಟು ಕಡೆ ವಾಪಸ್ ಬರಲ್ಲ.

ಬಹಳಷ್ಟು ಖಾಸಗಿ ಡಿಒ ಕಾಲೇಜುಗಳಲ್ಲಿ ಟ್ಯೂಷನ್ ಫೀಸ್ ಒಂದೇ ವರ್ಷಕ್ಕೆ 50 ಸಾವಿರ ಡಾಲರ್ ದಾಟುತ್ತದೆ, ಅಂದರೆ 40 ಲಕ್ಷ ರೂಪಾಯಿಗಿಂತ ಹೆಚ್ಚು. ಊಟ, ಬಾಡಿಗೆ ಬೇರೆ. ಇದುವರೆಗೆ ಅಲ್ಲಿನ ಕೇಂದ್ರ ಸರ್ಕಾರ ಪೂರ್ತಿ ಖರ್ಚಿಗೆ ಸಾಲ ಕೊಡುತ್ತಿತ್ತು. 2025ರ ಹೊಸ ಕಾಯ್ದೆ ಪ್ರಕಾರ 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ಮೆಡಿಕಲ್ ವಿದ್ಯಾರ್ಥಿಗೆ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರ್ ಮಿತಿ. ಉಳಿದದ್ದನ್ನು ಖಾಸಗಿ ಸಾಲ ಅಥವಾ ಮನೆಯವರೇ ಹೊಂದಿಸಬೇಕು. ಊರಿನ ಕುಟುಂಬಗಳಿಗೆ ಫೋನ್ ಬರುವುದು ಈ ಕಾರಣಕ್ಕೇ ಇನ್ನೂ ಹೆಚ್ಚಾಗಬಹುದು.

ಇಲ್ಲಿಂದ ಹೋಗಬಯಸುವವರಿಗೆ

ಪಿಯುಸಿ ಮುಗಿಸಿ ನೇರವಾಗಿ ಡಿಒ ಸೇರಲು ಆಗಲ್ಲ. ಬಹಳಷ್ಟು ಕಾಲೇಜುಗಳು ಅಮೆರಿಕದ್ದೇ ಡಿಗ್ರಿ ಅಥವಾ ಅಲ್ಲಿ ಓದಿದ ಇಷ್ಟು ಕ್ರೆಡಿಟ್ ಕೇಳುತ್ತವೆ. ಸ್ಟೂಡೆಂಟ್ ವೀಸಾದವರನ್ನು ತೆಗೆದುಕೊಳ್ಳುವ ಡಿಒ ಕಾಲೇಜುಗಳೇ ಕಡಿಮೆ, ಅವರಿಗೆ ಸರ್ಕಾರಿ ಸಾಲವೂ ಇಲ್ಲ. ವಿದೇಶದಲ್ಲಿ ಮೆಡಿಕಲ್ ಓದಿ ಭಾರತಕ್ಕೆ ಬಂದು ಪ್ರಾಕ್ಟೀಸ್ ಮಾಡಬೇಕು ಅನ್ನುವ ಭಾರತೀಯ ವಿದ್ಯಾರ್ಥಿಗಳು ನೀಟ್ ಅರ್ಹತೆ ಪಡೆದಿರಲೇಬೇಕು.

ಡಿಒ ಪ್ರವೇಶದಲ್ಲಿ ಮ್ಯಾನೇಜ್‌ಮೆಂಟ್ ಕೋಟಾ ಇಲ್ಲ. ಅರ್ಜಿ ವಿದ್ಯಾರ್ಥಿಯೇ ತುಂಬಬೇಕು. ‘ಸ್ಕೋರ್ ಎಷ್ಟಿದ್ದರೂ ಸೀಟು ಮಾಡಿಸಿಕೊಡ್ತೀವಿ, ಅಡ್ವಾನ್ಸ್ ಕೊಡಿ’ ಅನ್ನುವವರಿಗೆ ಒಂದು ರೂಪಾಯಿ ಕೊಡುವ ಅಗತ್ಯ ಇಲ್ಲ.

ಮನೆಯವರು ಕೇಳಬೇಕಾದ ಐದು ಪ್ರಶ್ನೆ

1. ಕಾಲೇಜಿಗೆ ಅಲ್ಲಿನ ಆಸ್ಟಿಯೋಪಥಿಕ್ ಕಾಲೇಜು ಮಾನ್ಯತಾ ಆಯೋಗ ಕೋಕಾದ ಮಾನ್ಯತೆ ಇದೆಯಾ?

2. ಆ ಕಾಲೇಜಿನ ಕನಿಷ್ಠ ಎಂಕ್ಯಾಟ್ ಸ್ಕೋರ್ ಎಷ್ಟು, ಎಷ್ಟು ವರ್ಷ ಹಳೆಯ ಸ್ಕೋರ್ ಒಪ್ಪುತ್ತಾರೆ?

3. ಮತ್ತೆ ಬರೆಯುವುದಾದರೆ ಅಭ್ಯಾಸ ಪರೀಕ್ಷೆಯಲ್ಲಿ ಎಷ್ಟು ಬರುತ್ತಿದೆ?

4. ಅಲ್ಲಿ ಓದಿದವರಲ್ಲಿ ಎಷ್ಟು ಮಂದಿಗೆ ರೆಸಿಡೆನ್ಸಿ ಸಿಕ್ಕಿದೆ?

5. ನಾಲ್ಕು ವರ್ಷದ ಒಟ್ಟು ಖರ್ಚಿನಲ್ಲಿ ಸರ್ಕಾರಿ ಸಾಲ ಎಷ್ಟು, ನಾವು ಹೊಂದಿಸಬೇಕಾದ್ದು ಎಷ್ಟು?

ಐದಕ್ಕೂ ಉತ್ತರ ಬರಹದಲ್ಲಿ ಕೈಗೆ ಬಂದಮೇಲೆ, ಪ್ರವೇಶ ಪತ್ರವೂ ಬಂದಮೇಲೆ ಸೈಟು, ತೋಟದ ಪತ್ರ ಬ್ಯಾಂಕಿಗೆ ಒಯ್ದರೆ ಸಾಕು. ಅದಕ್ಕೆ ಮೊದಲು ಬೇಡ.